ಪ್ಲಗ್ಗಿಗೆ ಕರೆಂಟ್ ಬರ್ತಾ ಇಲ್ವಾ? ಸಿಡಿಐ ಬಾಕ್ಸ್ ಕೊನೆಗೆ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಳೇ ದೋಣಿ ಇಂಜಿನ್ನಿನ ಇಗ್ನಿಶನ್, ಅಂದ್ರೆ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ವ್ಯವಸ್ಥೆಯ ಬಗ್ಗೆಯೇ ಇದ್ದದ್ದರಿಂದ ಬೇರೆಯದ್ದೆಲ್ಲ ಮುಂದಿನ ಸಲಕ್ಕೆ ಇಟ್ಟು ಇದನ್ನೇ ಒಟ್ಟಿಗೆ ತಗೊಂಡಿದ್ದೇನೆ. ಸಿಡಿಐ ಬಾಕ್ಸ್ ಅಂದ್ರೆ ಆ ಕಿಡಿಗೆ ಬೇಕಾದ ಕರೆಂಟ್ ತುಂಬಿಟ್ಟು ಸರಿಯಾದ ಹೊತ್ತಿಗೆ ಬಿಡುವ ಎಲೆಕ್ಟ್ರಾನಿಕ್ ಡಬ್ಬಿ. ಮೊದಲ ಉತ್ತರ ಉದ್ದ ಆಗಿದೆ, ಆದ್ರೆ ಉಳಿದವರಿಗೂ ಅದರಲ್ಲಿ ಬೇಕಾದ್ದು ಉಂಟು, ಹಾಗಾಗಿ ಬಿಡದೆ ಓದಿ.

ಪ್ರಶ್ನೆ (ಗಂಗೊಳ್ಳಿಯಿಂದ): ನಮ್ದು ನಾಡದೋಣಿ, ಹಿಂದೆ ಸಿಕ್ಕಿಸುವ ಎರಡು ಸಿಲಿಂಡರಿನ 9.9 ಎಚ್‌ಪಿ ಸೀಮೆಎಣ್ಣೆ ಔಟ್‌ಬೋರ್ಡ್, ತಗೊಂಡು 16 ವರ್ಷ ಆಯ್ತು. ಬೆಳಿಗ್ಗೆ ಎರಡು ಎಳೆತಕ್ಕೆ ಸ್ಟಾರ್ಟ್ ಆಗ್ತದೆ, ಅರ್ಧ ಗಂಟೆ ಚಂದ ಓಡ್ತದೆ, ಆಮೇಲೆ ಯಾರೋ ಸ್ವಿಚ್ ಒತ್ತಿದ ಹಾಗೆ ಒಮ್ಮೆಲೇ ಬಂದ್. ಮುಕ್ಕಾಲು ಗಂಟೆ ಬಿಟ್ರೆ ಪುನಃ ಏನೂ ಆಗದ ಹಾಗೆ ಸ್ಟಾರ್ಟ್. ಮೆಕ್ಯಾನಿಕ್ ಸಿಡಿಐ ಬಾಕ್ಸ್ ಹೊಸತು ಹಾಕಿದ್ರು, ದುಡ್ಡು ಹೋಯ್ತು, ಎರಡು ದಿನದಲ್ಲಿ ಅದೇ ಕಥೆ. ಹೋದ ವಾರ ಅಳಿವೆ ಬಾಯಲ್ಲೇ ನಿಂತು ಹೋಗಿ ಜೀವ ಬಾಯಿಗೆ ಬಂತು. ಎಂತ ಮಾಡುದು ಹೇಳಿ.

ಉತ್ತರ: ಅಣ್ಣಾ, ಮೊದಲಿಗೆ ಒಂದು ಮಾತು, ಇದು ಸರಿ ಆಗುವ ತನಕ ಆ ಇಂಜಿನ್ ನಂಬಿ ಅಳಿವೆ ದಾಟಬೇಡಿ. ಪಂಚಗಂಗಾವಳಿಯ ನೀರು ಇಳಿಯುವ ಹೊತ್ತಿಗೆ ಅಳಿವೆಯಲ್ಲಿ ಇಂಜಿನ್ ನಿಂತ್ರೆ ಎಂತ ಆಗ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ದೊಡ್ಡ ಬೋಟುಗಳೆಲ್ಲ ಕಟ್ಟಿ ಹಾಕಿರ್ತವೆ, 10 ಎಚ್‌ಪಿ ಒಳಗಿನ ನಾಡದೋಣಿಗಳಿಗೆ ಮಾತ್ರ ಬಿಡುವುದು, ಅಂದ್ರೆ ನಿಮ್ಮಂಥ ಇಂಜಿನ್ ಹೆಚ್ಚು ಕೆಲಸ ಮಾಡುವ ದಿನಗಳಲ್ಲೇ ಹಗ್ಗ ಕೊಟ್ಟು ಎಳೀಲಿಕ್ಕೆ ಹತ್ತಿರದಲ್ಲಿ ಇನ್ನೊಂದು ಬೋಟ್ ಇರುದಿಲ್ಲ.

ಇನ್ನು ಇಂಜಿನ್ ವಿಷಯ. ಕರೆಂಟ್ ಎಲ್ಲಿಂದ ಎಲ್ಲಿಗೆ ಹೋಗ್ತದೆ ಅಂತ ಗೊತ್ತಿದ್ರೆ ತೊಂದರೆ ಹುಡುಕುದು ಅರ್ಧ ಸುಲಭ. ಈ ಇಂಜಿನ್ನಿಗೆ ಬ್ಯಾಟರಿ ಬೇಡ, ಮೇಲಿರುವ ಫ್ಲೈವೀಲ್, ನಮ್ಮವರು ಮ್ಯಾಗ್ನೆಟ್ ಅಂತ ಕರೆಯುದು, ಅದು ತಿರುಗುವಾಗ ಕೆಳಗಿನ ಚಾರ್ಜ್ ಕಾಯಿಲಿನಲ್ಲಿ ನೂರಕ್ಕೂ ಹೆಚ್ಚು ವೋಲ್ಟ್ ಹುಟ್ಟುತ್ತದೆ. ಅದು ಸಿಡಿಐ ಬಾಕ್ಸಿನ ಒಳಗಿರುವ ಕೆಪಾಸಿಟರಿನಲ್ಲಿ ಹೋಗಿ ತುಂಬಿಕೊಳ್ತದೆ. ಪಲ್ಸರ್ ಕಾಯಿಲ್ ಅಂತ ಇನ್ನೊಂದು ಸಣ್ಣ ಕಾಯಿಲ್ ಉಂಟು, ಪಿಸ್ಟನ್ ಸರಿಯಾದ ಜಾಗಕ್ಕೆ ಬಂದಾಗ ಅದು ಬಾಕ್ಸಿಗೆ "ಈಗ ಬಿಡು" ಅಂತ ಸಿಗ್ನಲ್ ಕೊಡ್ತದೆ, ತುಂಬಿದ ಕರೆಂಟ್ ಒಂದೇ ಏಟಿಗೆ ಇಗ್ನಿಶನ್ ಕಾಯಿಲಿಗೆ ನುಗ್ತದೆ, ಅಲ್ಲಿಂದ ಹತ್ತಾರು ಸಾವಿರ ವೋಲ್ಟ್ ಆಗಿ ಪ್ಲಗ್ಗಿನಲ್ಲಿ ಕಿಡಿ ಹಾರ್ತದೆ. ಹಳೇ ಪಾಯಿಂಟ್ ಇಗ್ನಿಶನ್ನಿನ ಹಾಗೆ ಇದರಲ್ಲಿ ಸವೆಯುವ ಭಾಗ ಇಲ್ಲ, ಹಾಗಾಗಿ ಹಾಳಾದ್ರೆ ಹೆಚ್ಚಾಗಿ ಉಪ್ಪಿನಿಂದ, ಬಿಸಿಯಿಂದ, ಅಲುಗಾಟದಿಂದ.

ಬಾಕ್ಸಿಗೆ ಕೈ ಹಾಕುವ ಮೊದಲು ಇದು ಕರೆಂಟಿನ ತೊಂದರೆಯಾ ಎಣ್ಣೆಯ ತೊಂದರೆಯಾ ಅಂತ ಖಾತ್ರಿ ಮಾಡ್ಕೊಳ್ಳಿ, ಯಾಕಂದ್ರೆ ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಬಿಗಿಯಾಗಿದ್ರೂ ಇಂಜಿನ್ ಸ್ವಲ್ಪ ಹೊತ್ತು ಓಡಿ ನಿಲ್ತದೆ, ಸ್ವಲ್ಪ ಹೊತ್ತು ಬಿಟ್ರೆ ಪುನಃ ಸ್ಟಾರ್ಟ್ ಆಗ್ತದೆ, ನೋಡ್ಲಿಕ್ಕೆ ಎರಡೂ ಒಂದೇ ತರ. ವ್ಯತ್ಯಾಸ ಎಲ್ಲಿ ಅಂದ್ರೆ ಎಣ್ಣೆ ಬಾರದಿದ್ರೆ ಇಂಜಿನ್ ಉಸಿರು ಕಟ್ಟಿದ ಹಾಗೆ ತಡವರಿಸಿ, ಏರಿ ಇಳಿದು ನಿಲ್ತದೆ, ಪೈಪಿನ ನಡುವಿನ ರಬ್ಬರ್ ಬಲ್ಬ್ ಹಿಂಡಿದ್ರೆ ಒಮ್ಮೆ ಚೇತರಿಸ್ತದೆ. ಕರೆಂಟ್ ಹೋದ್ರೆ ನೀವು ಬರೆದ ಹಾಗೇ, ಸ್ವಿಚ್ ಒತ್ತಿದ ಹಾಗೆ. ನಿಮ್ಮ ಪತ್ರ ಓದಿ ನನಗೆ ಕರೆಂಟೇ ಅಂತ ಅನಿಸ್ತದೆ, ಆದ್ರೂ ಪರೀಕ್ಷೆ ಮಾಡಿ. ದೊಡ್ಡ ಡ್ರಮ್ಮಿನಲ್ಲಿ ಸಿಹಿನೀರು ತುಂಬಿ ಇಂಜಿನ್ ಅದಕ್ಕೆ ಕೂರಿಸಿ, ನ್ಯೂಟ್ರಲ್ಲಿನಲ್ಲಿ ಓಡಿಸಿ. ನೀರಿಲ್ಲದೆ ಓಡಿಸಿದ್ರೆ ನೀರಿನ ಪಂಪಿನ ರಬ್ಬರ್ ಚಕ್ರ ಸ್ವಲ್ಪ ಹೊತ್ತಿಗೇ ಸುಟ್ಟು ಹೋಗ್ತದೆ, ಅದು ಬೇರೆಯೇ ಖರ್ಚು. ಪ್ಲಗ್ಗಿಗೂ ಅದರ ವಯರಿಗೂ ಮಧ್ಯೆ ಸಿಕ್ಕಿಸುವ ಸಣ್ಣ ಬಲ್ಬಿನ ಟೆಸ್ಟರ್ ಸಿಗ್ತದೆ, ಕಡಿಮೆ ದುಡ್ಡಿನದ್ದು, ಎರಡು ತಂದು ಎರಡೂ ಸಿಲಿಂಡರಿಗೆ ಹಾಕಿ. ಇಂಜಿನ್ ನಿಲ್ಲುವ ಹೊತ್ತಿಗೆ ಬಲ್ಬ್ ಮೊದಲು ಆರಿತಾ, ಅಥವಾ ಇಂಜಿನ್ ತಿರುಗುವ ತನಕವೂ ಮಿನುಗ್ತಾ ಇತ್ತಾ ಅಂತ ನೋಡಿ. ಮಿನುಗ್ತಾ ಇದ್ರೆ ಕಾರ್ಬೊರೇಟರ್ ಕಡೆ ಹೋಗಿ, ಆರಿದ್ರೆ ಮುಂದೆ ಓದಿ.

ಎರಡೂ ಒಟ್ಟಿಗೆ ಆರ್ತವಾ, ಒಂದು ಮಾತ್ರವಾ ಅನ್ನುದು ದೊಡ್ಡ ಸುಳಿವು. ಒಂದೇ ಆರಿದ್ರೆ ಆ ಸಿಲಿಂಡರಿನ ಪ್ಲಗ್, ಕ್ಯಾಪ್, ವಯರ್, ಇಗ್ನಿಶನ್ ಕಾಯಿಲ್, ಬೇರೆ ಬೇರೆ ಪಲ್ಸರ್ ಇದ್ರೆ ಅದರ ಪಲ್ಸರ್. ಎರಡೂ ಆರಿದ್ರೆ ಎರಡಕ್ಕೂ ಸೇರಿದ ಭಾಗ, ಅಂದ್ರೆ ಸ್ಟಾಪ್ ವಯರ್, ಅರ್ತ್, ಚಾರ್ಜ್ ಕಾಯಿಲ್, ಕೊನೆಗೆ ಬಾಕ್ಸ್. ಸಣ್ಣ ಇಂಜಿನ್ನುಗಳಲ್ಲಿ ಒಂದೇ ಕಾಯಿಲಿನಿಂದ ಎರಡು ವಯರ್ ಹೊರಟು ಎರಡೂ ಪ್ಲಗ್ಗಿಗೆ ಒಟ್ಟಿಗೇ ಕಿಡಿ ಕೊಡುವಂಥದ್ದೂ ಉಂಟು, ಹಾಗಿದ್ರೆ ಒಂದು ಕಡೆಯ ಕ್ಯಾಪ್ ಹಾಳಾದ್ರೂ ಇನ್ನೊಂದಕ್ಕೂ ಪೆಟ್ಟು ಬೀಳ್ತದೆ, ಹಾಗಾಗಿ ನಿಮ್ಮದರಲ್ಲಿ ಎಷ್ಟು ಕಾಯಿಲ್ ಉಂಟು ಅಂತ ಮೊದಲು ಎಣಿಸಿ.

ಮೊದಲು ಸ್ಟಾಪ್ ವಯರ್. ನಾನು ಯಾವಾಗಲೂ ಇಲ್ಲಿಂದಲೇ ಶುರು ಮಾಡುದು, ಖರ್ಚು ಸೊನ್ನೆ. ಸ್ಟಾಪ್ ಬಟನ್ ಒತ್ತಿದ್ರೆ ಇಂಜಿನ್ ಹೇಗೆ ನಿಲ್ತದೆ ಅಂದ್ರೆ ಬಾಕ್ಸಿನಿಂದ ಬರುವ ಒಂದು ವಯರ್ ಬಾಡಿಗೆ ತಾಗ್ತದೆ, ಕಿಡಿಗೆ ಹೋಗಬೇಕಾದ ಕರೆಂಟ್ ಅರ್ತ್ ಆಗ್ತದೆ. ಆ ವಯರಿನ ಸಿಪ್ಪೆ ಎಲ್ಲಾದ್ರೂ ಉಜ್ಜಿ ಹೋಗಿದ್ರೆ ಅಥವಾ ಬಟನ್ನಿನ ಒಳಗೆ ಉಪ್ಪು ಕೂತಿದ್ರೆ ಒತ್ತದೆಯೇ ಒತ್ತಿದ ಹಾಗೆ. ಯಮಹಾ ಇಂಜಿನ್ನುಗಳಲ್ಲಿ ಇದು ಬಿಳಿ ವಯರ್, ಕಪ್ಪು ಅರ್ತ್, ಬೇರೆ ಕಂಪೆನಿಯದ್ದಾದ್ರೆ ಬಟನ್ನಿನಿಂದ ಹಿಂದಕ್ಕೆ ಹಿಡ್ಕೊಂಡು ಹೋಗಿ ನೋಡಿ. ಬಾಕ್ಸಿನ ಹತ್ತಿರ ಆ ಬಿಳಿ ವಯರಿನ ಜಾಯಿಂಟ್ ಬಿಚ್ಚಿ, ತುದಿ ಎಲ್ಲಿಗೂ ತಾಗದ ಹಾಗೆ ಟೇಪ್ ಸುತ್ತಿ, ಡ್ರಮ್ಮಿನಲ್ಲಿ ಒಂದು ಗಂಟೆ ಓಡಿಸಿ. ನಿಲ್ಲದೆ ಓಡಿದ್ರೆ ಕಳ್ಳ ಸಿಕ್ಕಿದ, ಬಟನ್ ಬದಲಿಸಿ, ಇಲ್ಲದಿದ್ರೆ ವಯರ್. ಬಿಚ್ಚಿರುವಾಗ ಬಟನ್ನಿನಲ್ಲಿ ಇಂಜಿನ್ ನಿಲ್ಲುದಿಲ್ಲ, ಚೋಕ್ ಎಳೆದು ನಿಲ್ಲಿಸಬೇಕು, ಅದು ಮೊದಲೇ ನೆನಪಿರ್ಲಿ. ಮತ್ತೆ ದಯವಿಟ್ಟು ಆ ವಯರ್ ಬಿಚ್ಚಿಟ್ಟೇ ಸಮುದ್ರಕ್ಕೆ ಹೋಗಬೇಡಿ, ಕೈಗೆ ಕಟ್ಟುವ ಕೆಂಪು ಹಗ್ಗದ ಕ್ಲಿಪ್ ಇದೇ ವಯರಿನಿಂದ ಕೆಲಸ ಮಾಡುದು, ನೀವು ನೀರಿಗೆ ಬಿದ್ರೆ ದೋಣಿ ನಿಲ್ಲುದು ಅದರಿಂದಲೇ.

ಅದರಿಂದ ಆಗದಿದ್ರೆ ಅರ್ತ್. ಬಾಕ್ಸಿನ ಕಪ್ಪು ವಯರ್, ಕಾಯಿಲಿನ ಬೋಲ್ಟ್, ಮ್ಯಾಗ್ನೆಟ್ಟಿನ ಕೆಳಗೆ ಕಾಯಿಲ್ ಕೂರಿಸಿದ ಸ್ಟೇಟರ್ ಪ್ಲೇಟಿನ ಸ್ಕ್ರೂ, ಎಲ್ಲ ಬಿಚ್ಚಿ, ಹಸಿರು ಕಿಲುಬು ಇದ್ರೆ ಮರಳು ಕಾಗದದಲ್ಲಿ ಉಜ್ಜಿ, ಹೊಳೆಯುವ ಹಾಗೆ ಮಾಡಿ ಪುನಃ ಬಿಗಿ ಮಾಡಿ. 16 ವರ್ಷ ಉಪ್ಪುಗಾಳಿಯಲ್ಲಿದ್ದ ಇಂಜಿನ್, ಕಿಲುಬು ಇಲ್ಲದಿದ್ರೆ ಮಾತ್ರ ಆಶ್ಚರ್ಯ.

ಈಗ ನಿಮ್ಮ ಕೇಸಿನಲ್ಲಿ ನನಗೆ ಹೆಚ್ಚು ಸಂಶಯ ಇರುವ ಜಾಗ, ಚಾರ್ಜ್ ಕಾಯಿಲ್. ಅದರ ತಂತಿ ಕೂದಲಿನಷ್ಟು ಸಣ್ಣ, ಹಳೇದಾಗಿ ಒಳಗೆಲ್ಲೋ ಒಂದು ಕಡೆ ಬಿರುಕು ಬಿಟ್ಟಿರ್ತದೆ, ತಣ್ಣಗಿದ್ದಾಗ ಎರಡು ತುದಿ ತಾಗಿಕೊಂಡೇ ಇರ್ತವೆ, ಬಿಸಿ ಆದಾಗ ಹಿಗ್ಗಿ ಬಿಟ್ಟುಕೊಳ್ತವೆ, ಕರೆಂಟ್ ಬಂದ್. ಮುಕ್ಕಾಲು ಗಂಟೆ ತಣಿದ್ರೆ ಪುನಃ ತಾಗ್ತವೆ. ಮೆಕ್ಯಾನಿಕ್ ಶೆಡ್ಡಿನಲ್ಲಿ ತಣ್ಣಗಿರುವಾಗ ಮೀಟರ್ ಇಟ್ರೆ ಎಲ್ಲ ಸರಿ ಅಂತಲೇ ತೋರಿಸ್ತದೆ, ಪಾಪ ಅವರ ಕಣ್ಣು ಹಾಗಾಗಿಯೇ ಬಾಕ್ಸಿನ ಮೇಲೆ ಹೋದದ್ದು ಅಂತ ಕಾಣ್ತದೆ. ಪರೀಕ್ಷೆ ಬಿಸಿ ಇರುವಾಗಲೇ ಮಾಡಬೇಕು. ಇಂಜಿನ್ ನಿಂತ ಕೂಡಲೇ ಚಾರ್ಜ್ ಕಾಯಿಲಿನ ಎರಡು ವಯರ್ ಜಾಯಿಂಟ್ ಬಿಚ್ಚಿ ಓಮ್ಸ್, ಅಂದ್ರೆ ತಂತಿಯ ರೆಸಿಸ್ಟೆನ್ಸ್, ನೋಡಿ, ಇಲ್ಲದಿದ್ರೆ ಕಾಯಿಲ್ ಹೊರಗೆ ತೆಗೆದು ಮೀಟರ್ ಹಚ್ಚಿಟ್ಟು ತಲೆ ಒಣಗಿಸುವ ಹೇರ್ ಡ್ರೈಯರಿನಲ್ಲಿ ನಿಧಾನ ಬಿಸಿ ಮಾಡಿ. ಬಿಸಿ ಆದಾಗ ತಾಮ್ರದ ರೆಸಿಸ್ಟೆನ್ಸ್ ಸ್ವಲ್ಪ ಏರುದು ಸಹಜ, ಒಂದು ಡಿಗ್ರಿಗೆ ಶೇಕಡಾ 0.4ರಷ್ಟು, ಅಂದ್ರೆ 30 ಡಿಗ್ರಿಯಲ್ಲಿ 400 ಓಮ್ಸ್ ಇದ್ದದ್ದು 80 ಡಿಗ್ರಿಗೆ ಹೆಚ್ಚುಕಡಿಮೆ 480 ಆಗ್ತದೆ, ಅದಕ್ಕೆ ಹೆದರಬೇಡಿ. ಏರ್ತಾ ಏರ್ತಾ ಒಮ್ಮೆಲೇ ಮೀಟರ್ ಓಪನ್, ಅಂದ್ರೆ ತಂತಿ ತುಂಡು ಅಂತ, ತೋರಿಸಿದ್ರೆ, ಅಥವಾ ಅಂಕಿ ಹುಚ್ಚುಚ್ಚಾಗಿ ಹಾರಿದ್ರೆ ಕಾಯಿಲ್ ಹೋಗಿದೆ. ಪಲ್ಸರಿಗೂ ಇದೇ ಪರೀಕ್ಷೆ. ನಿಮ್ಮ ಮಾಡೆಲ್ಲಿಗೆ ಎಷ್ಟು ಓಮ್ಸ್ ಇರಬೇಕು ಅನ್ನುದು ಸರ್ವೀಸ್ ಪುಸ್ತಕದಲ್ಲಿ ಉಂಟು, ಇನ್ನೊಂದು ಮಾಡೆಲ್ಲಿನ ಅಂಕಿ ಇದಕ್ಕೆ ಹಿಡೀಬೇಡಿ.

ವೋಲ್ಟೇಜ್ ನೋಡುವ ಆಸೆ ಇದ್ರೆ ಒಂದು ಎಚ್ಚರಿಕೆ. ಸಾಮಾನ್ಯ ಮಲ್ಟಿಮೀಟರ್ ಇದಕ್ಕೆ ಆಗುದಿಲ್ಲ, ಈ ಕರೆಂಟ್ ಕ್ಷಣಮಾತ್ರದ ಹೊಡೆತ, ಮೀಟರ್ ಅದರ ತುದಿಯನ್ನು ಹಿಡಿಯುವಷ್ಟು ಚುರುಕು ಇಲ್ಲ, ಕಡಿಮೆ ತೋರಿಸ್ತದೆ, ನೀವು ಒಳ್ಳೆ ಕಾಯಿಲನ್ನು ಬಿಸಾಡ್ತೀರಿ. ಪೀಕ್ ವೋಲ್ಟೇಜ್ ಅಡಾಪ್ಟರ್ ಅಂತ ಸಿಗ್ತದೆ, ಮೀಟರಿಗೆ ಸಿಕ್ಕಿಸುದು, ಕಾಯಿಲ್ ಜಾಸ್ತಿ ಬಿಚ್ಚುವ ಕೆಲಸ ಇರುವವರು ಅದನ್ನು ಇಟ್ಕೊಳ್ಳುದು ಒಳ್ಳೇದು. ಕೈ ಮಾತ್ರ ತಾಗಿಸಬೇಡಿ, ಚಾರ್ಜ್ ಕಾಯಿಲಿನ ಕರೆಂಟ್ ಗಟ್ಟಿ ಹೊಡೀತದೆ.

ಸ್ಟಾಪ್ ವಯರ್ ಬಿಚ್ಚಿದ್ದು, ಅರ್ತ್ ಉಜ್ಜಿದ್ದು, ಚಾರ್ಜ್ ಕಾಯಿಲ್ ಬಿಸಿಯಲ್ಲೂ ಸರಿ, ಪಲ್ಸರ್ ಸರಿ, ಇಗ್ನಿಶನ್ ಕಾಯಿಲ್ ಬದಲಿಸಿ ನೋಡಿದ್ದು, ಇಷ್ಟಾದ ಮೇಲೂ ಕಿಡಿ ಇಲ್ಲದಿದ್ರೆ ಆಗ ಬಾಕ್ಸ್. ಬಾಕ್ಸನ್ನು ಓಮ್ಸ್ ಇಟ್ಟು ಖಡಾಖಂಡಿತ ಹೇಳ್ಲಿಕ್ಕೆ ಬರುದಿಲ್ಲ, ಒಳಗೆ ಬರುವುದೆಲ್ಲ ಸರಿ ಇದ್ದು ಹೊರಗೆ ಏನೂ ಹೋಗದಿದ್ರೆ ಅದೇ ಪುರಾವೆ. ನಿಮ್ಮ ಹಳೇ ಬಾಕ್ಸ್ ಬಿಸಾಡಿಲ್ಲ ಅಂದ್ಕೊಳ್ತೇನೆ, ಅದು ಒಳ್ಳೇದೇ ಇರ್ಬಹುದು, ಒಣ ಡಬ್ಬಿಯಲ್ಲಿ ತೆಗೆದಿಡಿ.

ಪ್ರಶ್ನೆ (ಕಾರವಾರದಿಂದ): ಕಾಳಿ ನದಿಯಲ್ಲಿ ದೋಣಿ ಮಗುಚಿ ಇಂಜಿನ್ ಪೂರ್ತಿ ಮುಳುಗಿ ಎರಡು ತಾಸು ಬಿಟ್ಟು ಮೇಲೆ ತಂದೆವು. ಒಣಗಿಸಿ ಸ್ಟಾರ್ಟ್ ಮಾಡಿದಾಗ ಓಡಿತು. ಹದಿನೈದು ದಿನ ಆದ ಮೇಲೆ ಈಗ ಕಿಡಿ ಬಂದ್ರೆ ಬಂತು ಇಲ್ಲದಿದ್ರೆ ಇಲ್ಲ. ಸಿಡಿಐ ಒಳಗೆ ನೀರು ಹೋಗಿರಬಹುದಾ?

ಉತ್ತರ: ಬಾಕ್ಸಿನ ಒಳಗೆ ರಾಳದ ಹಾಗಿರುವ ಗಟ್ಟಿ ಪದಾರ್ಥ ತುಂಬಿಸಿರ್ತಾರೆ, ನೀರು ಸುಲಭಕ್ಕೆ ಹೋಗುದಿಲ್ಲ. ನೀರು ಕೂತದ್ದು ಜಾಯಿಂಟ್‌ಗಳಲ್ಲಿ, ಸ್ಟಾಪ್ ಬಟನ್ನಿನಲ್ಲಿ, ಮ್ಯಾಗ್ನೆಟ್ಟಿನ ಕೆಳಗೆ. ನೀರು ಒಣಗ್ತದೆ, ಉಪ್ಪು ಅಲ್ಲೇ ಉಳೀತದೆ, ಆ ಉಪ್ಪು ಬೆಳಗಿನ ಇಬ್ಬನಿ ಹೀರಿ ಒದ್ದೆ ಆದಾಗ ಕರೆಂಟ್ ಸೋರ್ತದೆ, ಬಿಸಿಲಿಗೆ ಒಣಗಿದಾಗ ಸರಿ ಆಗ್ತದೆ, ಬಂದ್ರೆ ಬಂತು ಅಂತ ನೀವು ಹೇಳುದು ಇದಕ್ಕೇ. ಪ್ರತಿ ಜಾಯಿಂಟ್ ಬಿಚ್ಚಿ ಸಿಹಿನೀರಲ್ಲಿ ತೊಳೆದು, ಗಾಳಿ ಹೊಡೆದು ಚೆನ್ನಾಗಿ ಒಣಗಿಸಿ, ಕಿಲುಬು ಹಿಡಿದ ಪಿನ್ ಉಜ್ಜಿ, ವಯರಿನ ತಾಮ್ರ ಒಳಗೆ ಕಪ್ಪಾಗಿದ್ರೆ ಅಷ್ಟು ಕತ್ತರಿಸಿ ಹೊಸ ಟರ್ಮಿನಲ್ ಹಾಕಿ, ಮೇಲಿಂದ ಎಲೆಕ್ಟ್ರಿಕಲ್ ಗ್ರೀಸ್ ಸವರಿ. ಮ್ಯಾಗ್ನೆಟ್ಟನ್ನು ಪುಲ್ಲರ್, ಅಂದ್ರೆ ಎಳೆದು ತೆಗೆಯುವ ಸಾಧನ, ಹಾಕಿ ತೆಗೆಯಿರಿ, ಸುತ್ತಿಗೆಯಲ್ಲಿ ಹೊಡೆದು ಅಲ್ಲ, ಒಳಗಿನ ಅಯಸ್ಕಾಂತದ ತುಂಡು ಬಿಟ್ಟು ಬಂದ್ರೆ ಇಡೀ ಮ್ಯಾಗ್ನೆಟ್ಟೇ ಹೋಯ್ತು.

ಮುಂದೆ ಯಾರ ಇಂಜಿನ್ ಮುಳುಗಿದ್ರೂ, ಮೇಲೆ ತಂದ ಕೂಡಲೇ ಸಿಹಿನೀರು ಸುರಿದು ತೊಳೀರಿ, ಪ್ಲಗ್ ಬಿಚ್ಚಿ ಸಿಲಿಂಡರಿನ ನೀರು ಹಗ್ಗ ಎಳೆದು ಹೊರಗೆ ಹಾಕಿ, ಪ್ಲಗ್ಗಿನ ತೂತಿನಿಂದ ಒಳಗೆ ಸ್ವಲ್ಪ ಇಂಜಿನ್ ಆಯಿಲ್ ಬಿಡಿ, ಅದೇ ದಿನ ಓಡಿಸಿ. ಹಗ್ಗ ಎಳೆಯುವಾಗ ಬಿಗಿ ಅನಿಸಿದ್ರೆ ಜೋರು ಮಾಡಬೇಡಿ. ಅವತ್ತು ಬಿಚ್ಚಲಿಕ್ಕೆ ಆಗುದೇ ಇಲ್ಲ ಅಂದ್ರೆ ಸಿಹಿನೀರಿನ ಡ್ರಮ್ಮಿನಲ್ಲೇ ಮುಳುಗಿಸಿಡಿ, ಉಪ್ಪು ಮತ್ತೆ ಗಾಳಿ ಎರಡೂ ಸೇರಿದಾಗಲೇ ಬೇರಿಂಗ್ ವೇಗವಾಗಿ ತಿನ್ನುದು.

ಪ್ರಶ್ನೆ (ಹೊನ್ನಾವರದಿಂದ): ನಮ್ಮ ಅಪ್ಪನ ದೋಣಿ ಇಂಜಿನ್ ಶರಾವತಿಯಲ್ಲಿ ನಿಧಾನ ಹೋಗುವಾಗ ಒಂದು ಸಿಲಿಂಡರ್ ಬಿಡ್ತದೆ, ಪ್ಲಗ್ ತೆಗೆದ್ರೆ ಒದ್ದೆ, ಕರಿ ಮಸಿ. ಒರೆಸಿ ಹಾಕಿದ್ರೆ ಸರಿ. ವಾರಕ್ಕೆ ಎರಡು ಪ್ಲಗ್ ಆಗ್ತದೆ. ಅಂಗಡಿಯವರು ಎಲೆಕ್ಟ್ರಾನಿಕ್ ತೊಂದರೆ ಅಂತಾರೆ. ಹೌದಾ?

ಉತ್ತರ: ತಂಗೀ, ಒರೆಸಿ ಹಾಕಿದ್ರೆ ಸರಿ ಆಗ್ತದೆ ಅಂದ್ರೆ ಎಲೆಕ್ಟ್ರಾನಿಕ್ ಅಲ್ಲ ಅಂತ ನನ್ನ ಅಭಿಪ್ರಾಯ. ಸೀಮೆಎಣ್ಣೆ ಪೆಟ್ರೋಲಿನ ಹಾಗೆ ಸುಲಭಕ್ಕೆ ಆವಿ ಆಗುದಿಲ್ಲ, ಇಂಜಿನ್ ಚೆನ್ನಾಗಿ ಬಿಸಿ ಇರಬೇಕು, ನಿಧಾನ ಓಡಿಸುವಾಗ ಬಿಸಿ ಸಾಲದೆ ಹಸಿ ಎಣ್ಣೆ ಪ್ಲಗ್ಗಿಗೆ ಹಿಡೀತದೆ. ಅಪ್ಪನಿಗೆ ಹೇಳಿ, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಬಿಸಿ ಆದ ಮೇಲೆಯೇ ಸೀಮೆಎಣ್ಣೆಗೆ ತಿರುಗಿಸಲಿ, ಬಲೆ ಬಿಡುವಾಗ ತುಂಬಾ ಹೊತ್ತು ನಿಧಾನ ಹೋಗುದಿದ್ರೆ ಪೆಟ್ರೋಲಿನಲ್ಲೇ ಹೋಗಲಿ, ನಿಲ್ಲಿಸುವ ಐದು ನಿಮಿಷ ಮೊದಲು ಪುನಃ ಪೆಟ್ರೋಲಿಗೆ ತಿರುಗಿಸಲಿ, ಕಾರ್ಬೊರೇಟರಿನಲ್ಲಿ ಉಳಿದ ಸೀಮೆಎಣ್ಣೆ ಖಾಲಿ ಆಗ್ತದೆ, ಮರುದಿನ ಹಗ್ಗ ಎಳೆದು ತೋಳು ಬೀಳುದು ತಪ್ತದೆ. ಪೆಟ್ರೋಲ್ ದುಬಾರಿ ಹೌದು, ವಾರಕ್ಕೆ ಎರಡು ಪ್ಲಗ್ಗಿನ ದುಡ್ಡು ಅದರ ಪಕ್ಕ ಇಟ್ಟು ನೋಡಿ.

ಪ್ಲಗ್ ನಂಬರ್ ಕೂಡ ನೋಡಿ. ಎನ್‌ಜಿಕೆ ಪ್ಲಗ್ಗಿನಲ್ಲಿ ನಂಬರ್ ದೊಡ್ಡದಾದಷ್ಟು ಪ್ಲಗ್ ತಣ್ಣಗಿನದ್ದು, ಅಂದ್ರೆ ಬಿ7ಎಚ್‌ಎಸ್ ಹಾಕಬೇಕಾದಲ್ಲಿ ಅಂಗಡಿಯವರು ಬಿ8ಎಚ್‌ಎಸ್ ಕೊಟ್ಟಿದ್ರೆ ಅದು ಮಸಿಯನ್ನು ಸುಟ್ಟು ಹಾಕುವಷ್ಟು ಬಿಸಿ ಆಗುದೇ ಇಲ್ಲ. ಹಾಗಂತ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬಿಸಿ ಪ್ಲಗ್ ಹಾಕಿದ್ರೆ ಪಿಸ್ಟನ್ ತೂತಾಗ್ತದೆ, ಎರಡೂ ಕಡೆ ಹುಷಾರು. ಒಂದು ಸಣ್ಣ ಪರೀಕ್ಷೆ, ಎರಡೂ ಪ್ಲಗ್ ಅದಲು ಬದಲು ಮಾಡಿ. ಮಸಿ ಪ್ಲಗ್ಗಿನ ಜೊತೆ ಹೋದ್ರೆ ಪ್ಲಗ್ ಕೆಟ್ಟದ್ದು, ಅದೇ ಸಿಲಿಂಡರಿನಲ್ಲಿ ಉಳಿದ್ರೆ ಆ ಕಡೆಯ ಕ್ಯಾಪ್, ವಯರ್, ಕಾರ್ಬೊರೇಟರ್ ನೋಡಬೇಕು. ಕಿಡಿ ನೋಡುವಾಗ ಪ್ಲಗ್ಗಿನ ಲೋಹದ ಭಾಗ ಇಂಜಿನ್ ಬಾಡಿಗೆ ಗಟ್ಟಿ ತಾಗಿರಬೇಕು, ವಯರ್ ಗಾಳಿಯಲ್ಲಿ ನೇತಾಡಿಸಿ ಹಗ್ಗ ಎಳೆದ್ರೆ ಕರೆಂಟ್ ಹೋಗ್ಲಿಕ್ಕೆ ದಾರಿ ಇಲ್ಲದೆ ಕಾಯಿಲ್, ಬಾಕ್ಸ್ ಎರಡಕ್ಕೂ ಪೆಟ್ಟು. ಪ್ಲಗ್ಗಿನ ತೂತಿನ ಹತ್ತಿರ ಕಿಡಿ ಹಾರಿಸಬೇಡಿ, ಒಳಗಿಂದ ಎಣ್ಣೆಯ ಆವಿ ಬರ್ತಾ ಇರ್ತದೆ, ಬೆಂಕಿ ಹಿಡೀತದೆ.

ಪ್ರಶ್ನೆ (ಅಮೆರಿಕದ ಮಿಶಿಗನ್ನಿಂದ, ಮೂಲ ಊರು ಕುಂದಾಪುರದ ಹತ್ತಿರ): ಇಲ್ಲಿ ಹಳೇ ಬೋಟ್ ತಗೊಂಡೆ, ಒಳಗೆ ವಿ8 ಪೆಟ್ರೋಲ್ ಇಂಜಿನ್, ಮರ್ಕ್ರೂಸರ್ ಥಂಡರ್‌ಬೋಲ್ಟ್ 4 ಇಗ್ನಿಶನ್. ಸ್ಟಾರ್ಟರ್ ತಿರುಗ್ತದೆ, ಕಿಡಿ ಇಲ್ಲ. ಇಗ್ನಿಶನ್ನಿನ ಎಲೆಕ್ಟ್ರಾನಿಕ್ ಮಾಡ್ಯೂಲ್ ಇಲ್ಲಿ ಸಿಕ್ಕಾಪಟ್ಟೆ ರೇಟು. ಖರೀದಿ ಮಾಡುವ ಮೊದಲು ಏನಾದ್ರೂ ನೋಡಬಹುದಾ?

ಉತ್ತರ: ನೋಡ್ಲೇಬೇಕು. ಇದು ಮ್ಯಾಗ್ನೆಟ್ಟಿನದ್ದಲ್ಲ, ಬ್ಯಾಟರಿಯ 12 ವೋಲ್ಟಿನಲ್ಲಿ ನಡೆಯುದು, ಹಾಗಾಗಿ ಕೀ ಆನ್ ಮಾಡಿ ಇಗ್ನಿಶನ್ ಕಾಯಿಲಿನ ಪ್ಲಸ್ಸಿಗೆ ಬ್ಯಾಟರಿ ವೋಲ್ಟೇಜ್ ಬರ್ತದಾ ಅಂತ ಮೊದಲು ನೋಡಿ, ಸ್ಟಾರ್ಟರ್ ತಿರುಗುವಾಗಲೂ ನೋಡಿ. ಬಂದ್ರೆ, ಕಾಯಿಲಿನ ಮೈನಸ್ಸಿನಿಂದ ಡ್ಯಾಶ್‌ಬೋರ್ಡಿನ ಆರ್‌ಪಿಎಂ ಮೀಟರಿಗೆ ಹೋಗುವ ಬೂದು ಬಣ್ಣದ ವಯರ್ ಬಿಚ್ಚಿ ಪುನಃ ಸ್ಟಾರ್ಟ್ ಮಾಡಿ. ಆ ಮೀಟರ್ ಅಥವಾ ಅದರ ವಯರ್ ಶಾರ್ಟ್ ಆಗಿದ್ರೆ ಇಡೀ ಇಗ್ನಿಶನ್ನೇ ಬಂದ್ ಆಗ್ತದೆ, ಇದು ಆ ಇಂಜಿನ್ನುಗಳ ಹಳೇ ರೋಗ. ಕೀ ಆನ್ ಇಟ್ಟು ಇಂಜಿನ್ ಓಡಿಸದೆ ತುಂಬಾ ಹೊತ್ತು ಬಿಡಬೇಡಿ, ಕಾಯಿಲ್ ಬಿಸಿ ಆಗ್ತದೆ. ಪ್ರತಿ ಪ್ಲಗ್ಗಿಗೂ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ತೇವ, ಬಿರುಕಿನ ಕಪ್ಪು ಗೆರೆ ಇದೆಯಾ ನೋಡಿ.

ಒಂದು ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಕಾರಿನ ಡಿಸ್ಟ್ರಿಬ್ಯೂಟರ್, ಸ್ಟಾರ್ಟರ್ ಕಡಿಮೆಗೆ ಸಿಗ್ತದೆ ಅಂತ ಹಾಕಬೇಡಿ. ಬೋಟಿನ ಇಂಜಿನ್ ಮುಚ್ಚಿದ ಗುಂಡಿಯಲ್ಲಿ ಇರುದು, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕೆಳಗೇ ಕೂತಿರ್ತದೆ, ಬೋಟಿಗೆ ಅಂತ ಮಾಡಿದ ಭಾಗಗಳಲ್ಲಿ ಮಾತ್ರ ಒಳಗಿನ ಕಿಡಿ ಆ ಆವಿಗೆ ಬೆಂಕಿ ಹಚ್ಚದ ಹಾಗೆ ಮಾಡಿರ್ತಾರೆ. ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಆ ಗುಂಡಿಯ ಆವಿ ಹೊರಗೆ ಹಾಕುವ ಫ್ಯಾನ್, ಅಂದ್ರೆ ಬ್ಲೋವರ್, 4 ನಿಮಿಷ ಓಡಿಸಿ, ಮುಚ್ಚಳ ಎತ್ತಿ ಮೂಸಿ ನೋಡಿ.

ಪ್ರಶ್ನೆ (ಮಲ್ಪೆಯಿಂದ): ಎರಡು ಪ್ಲಗ್ಗಿನಲ್ಲೂ ಒಳ್ಳೆ ನೀಲಿ ಕಿಡಿ, ಎಣ್ಣೆ ಬರ್ತದೆ, ಆದ್ರೂ ಸ್ಟಾರ್ಟ್ ಇಲ್ಲ, ಹಗ್ಗ ಎಳೆದ್ರೆ ಕೈಗೇ ತಿರುಗಿ ಹೊಡೀತದೆ, ಒಮ್ಮೊಮ್ಮೆ ಕಾರ್ಬೊರೇಟರಿನಿಂದ ಢಂ ಅಂತದೆ. ಹಗ್ಗ ತಾಗಿ ಬೆರಳು ಊದಿದೆ.

ಉತ್ತರ: ಮಾರಾಯ್ರೆ, ಇನ್ನು ಎಳೀಬೇಡಿ, ಬೆರಳು ಮುರಿದೀತು. ಕಿಡಿ ಇದೆ, ಹೊತ್ತು ತಪ್ಪಿದೆ. ಪ್ರೊಪೆಲರ್ ಎಲ್ಲಾದ್ರೂ ಕಲ್ಲಿಗೋ ಮರಳಿಗೋ ಹೊಡೆದಿತ್ತಾ ನೆನಪು ಮಾಡಿ, ಅಥವಾ ಮೊನ್ನೆ ಯಾರಾದ್ರೂ ಮ್ಯಾಗ್ನೆಟ್ ಬಿಚ್ಚಿ ನಟ್ಟು ಸರಿ ಬಿಗಿ ಮಾಡದೆ ಬಿಟ್ರಾ ಕೇಳಿ. ಮ್ಯಾಗ್ನೆಟ್ಟನ್ನು ಕ್ರ್ಯಾಂಕಿನ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುವ ಸಣ್ಣ ಕೀ ಒಂದು ಉಂಟು, ಉಗುರಿನಷ್ಟು ದೊಡ್ಡದು, ಅದು ಅರ್ಧ ಕತ್ತರಿಸಿ ಹೋದ್ರೂ ಮ್ಯಾಗ್ನೆಟ್ ಸ್ವಲ್ಪ ತಿರುಗಿ ನಿಲ್ತದೆ, ಪಲ್ಸರಿನ ಸಿಗ್ನಲ್ ಬೇರೆ ಹೊತ್ತಿಗೆ ಹೋಗ್ತದೆ, ಬಾಕ್ಸ್ ಪಾಪ ಹೇಳಿದ ಹೊತ್ತಿಗೇ ಕಿಡಿ ಬಿಡ್ತದೆ. ಮ್ಯಾಗ್ನೆಟ್ ತೆಗೆದು ಕೀ ನೋಡಿ. ಹೊಸ ಕೀ ಕಂಪೆನಿಯದ್ದೇ ಹಾಕಿ, ಮೊಳೆ ತುಂಡು ಅರದಲ್ಲಿ ಉಜ್ಜಿ ಹಾಕುದು ಬೇಡ. ಹಾಕುವ ಮೊದಲು ಕ್ರ್ಯಾಂಕಿನ ಓರೆ ಭಾಗ, ಮ್ಯಾಗ್ನೆಟ್ಟಿನ ಒಳಗಿನ ಓರೆ ಭಾಗ ಎರಡನ್ನೂ ಥಿನ್ನರಿನಲ್ಲಿ ಒರೆಸಿ, ಗ್ರೀಸ್ ಎಣ್ಣೆ ಒಂದು ಹನಿ ಇರಬಾರದು, ಯಾಕಂದ್ರೆ ಮ್ಯಾಗ್ನೆಟ್ಟನ್ನು ನಿಜವಾಗಿ ಹಿಡ್ಕೊಳ್ಳುದು ಆ ಓರೆಯ ಬಿಗಿ, ಕೀ ಬರೇ ಜಾಗ ತೋರಿಸ್ಲಿಕ್ಕೆ. ನಟ್ಟು ಟಾರ್ಕ್ ವ್ರೆಂಚಿನಲ್ಲಿ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿ, ಒಂದು ದಿನ ಓಡಿಸಿದ ಮೇಲೆ ಇನ್ನೊಮ್ಮೆ ಹಿಡಿದು ನೋಡಿ.